ಕೈ ಕೆಲಸಕ್ಕೆ ಬರ್ತದಲ್ಲ, ಮತ್ತೆಂತ?



ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ಇವತ್ತು ಒಳಮೀಸಲಾತಿ ಬಗ್ಗೆ ಅಲ್ಲ, ಡಿಸಿ ಮನ್ನಾ ಭೂಮಿ ಬಗ್ಗೆಯೂ ಅಲ್ಲ. ಒಂದು ಮಗುವಿನ ಮೊಣಕೈ ಬಗ್ಗೆ.

ನಿನ್ನೆ ಬೈಂದೂರು ಕಡೆಯ ನಮ್ಮ ಕಾಲೋನಿಯೊಂದರ ಹುಡುಗಿಯ ಎಡಗೈ ಪ್ಲಾಸ್ಟರ್ ಬಿಚ್ಚಿದರು. ಎಂಟು ವರ್ಷದ ಮಗು. ಐದು ವಾರ ಪ್ಲಾಸ್ಟರ್ ಒಳಗಿದ್ದ ಕೈ ಸಪೂರ ಆಗಿತ್ತು, ಚರ್ಮ ಸಿಪ್ಪೆ ಏಳುತ್ತಿತ್ತು, ಮೊಣಕೈಯ ಹೊರಬದಿಯಲ್ಲಿ ಬೆರಳುದ್ದದ ಹೊಲಿಗೆ ಗುರುತು. ಅವಳು ಕೈಯನ್ನು ಮುಂದೆ ಚಾಚಲು ನೋಡಿದಳು. ಪೂರ್ತಿ ಬರಲಿಲ್ಲ, ಬಿಗಿ ಇದೆ, ಬಿಡಲು ತಿಂಗಳುಗಟ್ಟಲೆ ಬೇಕಂತೆ. ಆದರೆ ಬಂದಷ್ಟು ನೇರ ಬಂತು. ಎರಡು ವರ್ಷದಿಂದ ಬಿಲ್ಲಿನ ಹಾಗೆ ಒಳಗೆ ವಾಲಿಕೊಂಡಿದ್ದ ಕೈ ಅದು. ಅವಳ ಅಬ್ಬಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಮಗು ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ: "ಇನ್ನ್ ಪೀಟಿಗ್ ಹೋಯ್ಲಕ್ಕಾ?"

ಪೀಟಿ ಕ್ಲಾಸಿನ ಪ್ರಶ್ನೆ ಯಾಕೆ ಅಂತ ಅಲ್ಲಿದ್ದವರಿಗೆ ಅರ್ಥ ಆಗಲಿಲ್ಲ. ನನಗೆ ಆಯಿತು. ಡ್ರಿಲ್ಲಿನಲ್ಲಿ ಮೇಷ್ಟ್ರು "ಕೈ ಮುಂದೆ" ಅಂದ ಕೂಡಲೇ ಸಾಲಿನಲ್ಲಿ ಎಲ್ಲರ ಕೈ ನೆಟ್ಟಗೆ ಹೋಗುತ್ತದೆ, ಒಂದು ಕೈ ಮಾತ್ರ ಡೊಂಕಾಗಿ ಹೋಗುತ್ತದೆ. ಹಿಂದಿನಿಂದ ಒಬ್ಬ ನಗುತ್ತಾನೆ. ಮಡಚಿಕೊಂಡರೆ ಗೊತ್ತಾಗುವುದಿಲ್ಲ, ಚಾಚಿದರೆ ಮಾತ್ರ ಕಾಣುವ ಊನ ಇದು. ಹಾಗಾಗಿ ಇಂಥ ಮಕ್ಕಳು ಕೈ ಚಾಚುವುದನ್ನೇ ಬಿಡುತ್ತಾರೆ.

ನನಗೆ ಹೇಗೆ ಗೊತ್ತು ಅಂದರೆ, ನನ್ನದೂ ಅದೇ ಕೈ. ಸಭೆಗಳಲ್ಲಿ ನನ್ನನ್ನು ನೋಡಿದವರಿಗೆ ಎಡಗೈಯನ್ನು ಯಾವಾಗಲೂ ಸೊಂಟದ ಮೇಲೆ ಇಟ್ಟುಕೊಂಡೇ ಮಾತಾಡುವುದು ಗೊತ್ತು. ಕೆಲವರು ಅದನ್ನು ಗತ್ತು ಅಂದುಕೊಂಡಿದ್ದಾರೆ. ಗತ್ತಲ್ಲ ಮಾರಾಯ್ರೆ, ಅಭ್ಯಾಸ.

1988. ನನಗೆ ಏಳು ವರ್ಷ. ಬ್ರಹ್ಮಾವರ ಕಡೆ ಒಂದು ಗೇರು ಹಾಡಿಯಲ್ಲಿ ಒಡೆಯರ ಮರದಿಂದ ಬೀಜ ಕೊಯ್ಯುತ್ತಿದ್ದೆ, ಯಾರೋ ಬಂದ ಸದ್ದಾಯಿತು, ಹೆದರಿ ಹಾರಿದೆ. ಕೈ ಊರಿಕೊಂಡು ಬಿದ್ದೆ. ಮೊಣಕೈ ನೋಡು ನೋಡುತ್ತಿದ್ದ ಹಾಗೆ ಬಾತುಕೊಂಡಿತು. ಆಗ ಆಸ್ಪತ್ರೆ ಅಂತ ನಮ್ಮ ತಲೆಗೆ ಬರುತ್ತಲೇ ಇರಲಿಲ್ಲ. ಎಲುಬು ಕಟ್ಟುವವರ ಮನೆಗೆ ಅಬ್ಬಿ ಎತ್ತಿಕೊಂಡು ಹೋದಳು. ದೊಡ್ಡ ಜಾತಿಯವರು, ಕೈಗುಣ ಒಳ್ಳೆಯದು ಅಂತ ಹೆಸರಿತ್ತು. ನಾವು ಅಂಗಳದ ಆಚೆ, ಹಟ್ಟಿಯ ಬದಿಯಲ್ಲಿ ಕೂತೆವು.

ಅವರು ನನ್ನನ್ನು ಮುಟ್ಟಲಿಲ್ಲ.

ನಾಲ್ಕು ಹೆಜ್ಜೆ ದೂರ ನಿಂತು, ಕೈಯಲ್ಲಿದ್ದ ಕೋಲಿನಿಂದ ತೋರಿಸಿ, "ಅಲ್ಲಿ ಹಿಡಿ, ಎಳಿ, ಇನ್ನೂ ಎಳಿ, ಈಗ ಮಡಚು" ಅಂತ ಅಬ್ಬಿಗೆ ಹೇಳಿದರು. ನನ್ನ ಅಬ್ಬಿ ಎಳೆದಳು. ಗದ್ದೆ ನೆಟ್ಟಿಯ ಕೈ ಅದು, ಅದಕ್ಕೆ ಮುರಿದ ಎಲುಬಿನ ಬಗ್ಗೆ ಎಂತ ಗೊತ್ತು? ನಾನು ಬೊಬ್ಬೆ ಹೊಡೆದೆ, ಅವಳೂ ಬೊಬ್ಬೆ ಹೊಡೆದಳು. ಸೊಪ್ಪು ಅರೆದ ಉಂಡೆ, ಬಿದಿರಿನ ದಬ್ಬೆ, ಬಟ್ಟೆ ಎಲ್ಲ ನೆಲಕ್ಕೆ ಹಾಕಿದರು. ಕಟ್ಟಿದ್ದೂ ಅವಳೇ. ಐದು ರೂಪಾಯಿಯನ್ನು ಕಲ್ಲಿನ ಮೇಲೆ ಇಟ್ಟು ಬಂದೆವು.

ಮೂಳೆ ಕೂಡಿಸುವವನು ಮೂಳೆ ಮುಟ್ಟಬೇಕು. ತುಂಡು ಯಾವ ಕಡೆ ಜಾರಿದೆ, ತಿರುಗಿದೆಯಾ, ಬೆರಳ ತುದಿಗೆ ಗೊತ್ತಾಗಬೇಕು. ಕೋಲಿನ ತುದಿಗೆ ಗೊತ್ತಾಗುವುದಿಲ್ಲ. ಕೋಟದ ಕಾರಂತರ ಚೋಮನ ದುಡಿಯಲ್ಲಿ ಚೋಮನ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಿ ಎತ್ತುವ ಕೈ ಮುಂದೆ ಬರುವುದಿಲ್ಲ. ಅದು ಪುಸ್ತಕದಲ್ಲಿ ಓದಿ ಮರುಗುವ ವಿಷಯ. ನಂದು ಸಣ್ಣ ವಿಷಯ, ನಾನು ಸಾಯಲಿಲ್ಲ, ಕೈ ಡೊಂಕಾಯಿತು ಅಷ್ಟೇ.

ಇಷ್ಟು ಹೇಳಿ ನಿಲ್ಲಿಸಿದರೆ ಒಳ್ಳೆ ಕಥೆ ಆಗ್ತದೆ, ಶೇರ್ ಕೂಡ ಜಾಸ್ತಿ ಆಗ್ತದೆ. ಆದರೆ ಸತ್ಯ ಹೇಳಬೇಕಲ್ಲ. ನನ್ನ ಸೋದರಮಾವನ ಮಗನ ಕೈಯನ್ನು ನಮ್ಮವರೇ ಒಬ್ಬರು, ಮುಟ್ಟಿ, ನೀವಿ, ಅಕ್ಕರೆಯಿಂದ ಕಟ್ಟಿದರು. ಅದೂ ಡೊಂಕೇ ಆಯಿತು. ಮುಟ್ಟದಿದ್ದದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಮುರಿತ ಮುಟ್ಟಿದರೂ ಸರಿಯಾಗದ ಜಾತಿಯದ್ದು. ಅದು ನನಗೆ ಗೊತ್ತಾದದ್ದು ಈ ಹುಡುಗಿಯ ಜೊತೆ ಎರಡು ವರ್ಷ ಆಸ್ಪತ್ರೆ ಸುತ್ತಿದ ಮೇಲೆ.

ಸ್ವಲ್ಪ ಮೂಳೆಯ ವಿಷಯ ಹೇಳ್ತೇನೆ, ಬೇಸರ ಮಾಡ್ಬೇಡಿ. ತೋಳಿನ ಮೂಳೆ ಭುಜದಿಂದ ಕೆಳಗೆ ಕೊಳವೆ ಹಾಗೆ ಬಂದು ಮೊಣಕೈಗೆ ಸ್ವಲ್ಪ ಮೇಲೆ ಚಪ್ಪಟೆ ಆಗುತ್ತದೆ. ಎರಡು ಬದಿ ದಪ್ಪ, ನಡುವೆ ತೀರ ತೆಳು. ಐದರಿಂದ ಏಳು ವರ್ಷದ ಮಕ್ಕಳಲ್ಲಿ ಆ ಜಾಗ ಇನ್ನೂ ಬಲಿತಿರುವುದಿಲ್ಲ. ಕೈ ಚಾಚಿ, ಅಂಗೈ ಊರಿ ಬಿದ್ದರೆ ಅಲ್ಲೇ ಮುರಿಯುತ್ತದೆ. ಮಕ್ಕಳ ಮೊಣಕೈ ಮುರಿತಗಳಲ್ಲಿ ಅತಿ ಹೆಚ್ಚು ಇದೇ. ಡಾಕ್ಟರುಗಳು ಇದನ್ನು ಸುಪ್ರಾಕಾಂಡೈಲರ್ ಅನ್ನುತ್ತಾರೆ. 1959ರಲ್ಲಿ ಗಾರ್ಟ್‌ಲ್ಯಾಂಡ್ ಅನ್ನುವ ಅಮೆರಿಕದ ಡಾಕ್ಟರು ಇದನ್ನು ಮೂರು ತರ ಅಂತ ವಿಂಗಡಿಸಿದ್ದು ಇವತ್ತಿಗೂ ನಡೆಯುತ್ತದೆ. ಒಂದನೇ ತರ ಬರೀ ಬಿರುಕು, ತುಂಡು ಜಾರಿರುವುದಿಲ್ಲ. ಎರಡನೆಯದು ಬಾಗಿದೆ, ಹಿಂಬದಿ ಸ್ವಲ್ಪ ಅಂಟಿಕೊಂಡಿದೆ. ಮೂರನೆಯದು ಪೂರ್ತಿ ಜಾರಿದ್ದು.

ಒಂದನೇ ತರದ್ದಾದರೆ ಯಾರು ಕಟ್ಟಿದರೂ, ಬಿಗಿ ಮಾಡದಿದ್ದರೆ, ಮೂರು ವಾರದಲ್ಲಿ ಸರಿ ಹೋಗುತ್ತದೆ. ನಾಟಿ ವೈದ್ಯರ "ಕೈಗುಣ"ದ ಹೆಸರು ಹುಟ್ಟುವುದು ಇಲ್ಲಿಂದ. ಸುಳ್ಳಲ್ಲ, ಅವರ ಹತ್ತಿರ ಹೋಗಿ ಸರಿಯಾದವರು ನಿಜವಾಗಿಯೂ ಇದ್ದಾರೆ. ಮೂರನೆಯದು ಕಟ್ಟಿನಲ್ಲಿ ನಿಲ್ಲುವುದಿಲ್ಲ. ಪ್ರಜ್ಞೆ ತಪ್ಪಿಸಿ, ಸಿ-ಆರ್ಮ್ ಅನ್ನುವ ಎಕ್ಸ್‌ರೇ ಮೆಷಿನ್ನಿನಲ್ಲಿ ನೋಡುತ್ತಾ ತುಂಡನ್ನು ಸರಿ ಕೂರಿಸಿ, ಚರ್ಮದ ಮೇಲಿನಿಂದಲೇ ಎರಡು ಮೂರು ಸಪೂರ ಕಂಬಿ ಹೊಡೆದು ಹಿಡಿಸಬೇಕು. ಮೂರು ನಾಲ್ಕು ವಾರಕ್ಕೆ ಕಂಬಿ ಎಳೆದು ತೆಗೆಯುತ್ತಾರೆ. ಕೊಯ್ಯುವುದೇ ಬೇಡ ಹೆಚ್ಚಿನವರಿಗೆ. ಸಿ-ಆರ್ಮ್ ಇದ್ದು, ಅರಿವಳಿಕೆ ಡಾಕ್ಟರಿದ್ದು, ಕಲಿತ ಕೈ ಇದ್ದರೆ ದೊಡ್ಡ ಕೆಲಸ ಅಲ್ಲ.

ಅದು ಆಗದಿದ್ದರೆ? ಕೆಳಗಿನ ತುಂಡು ಒಳಕ್ಕೆ ವಾಲಿ, ಸ್ವಲ್ಪ ತಿರುಗಿ ಕೂಡಿಕೊಳ್ಳುತ್ತದೆ. ಸಾಧಾರಣವಾಗಿ ನಮ್ಮೆಲ್ಲರ ಮುಂಗೈ ಮೊಣಕೈಯಿಂದ ಸ್ವಲ್ಪ ಹೊರಕ್ಕೆ ಹೋಗಿರುತ್ತದೆ. ಕೊಡಪಾನ ಹಿಡಿದು ನಡೆದರೆ ತೊಡೆಗೆ ತಾಗುವುದಿಲ್ಲವಲ್ಲ, ಅದಕ್ಕೇ. ಈ ಮಕ್ಕಳದ್ದು ಒಳಕ್ಕೆ. ಇಂಗ್ಲಿಷಿನಲ್ಲಿ ಬಂದೂಕಿನ ಹಿಡಿಕೆಗೆ ಹೋಲಿಸುತ್ತಾರೆ. ನಮ್ಮ ಶಾಲೆಯಲ್ಲಿ "ಕೊಕ್ಕೆ" ಅನ್ನುತ್ತಿದ್ದರು. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ನನಗೆ ಬೇರೆ ಹೆಸರಿರಲಿಲ್ಲ.

"ಮಕ್ಕಳ ಎಲುಬಲ್ದಾ, ಬೆಳೀತಾ ಬೆಳೀತಾ ಸಮಾ ಆತ್ತ್" ಅಂತ ಎಲ್ಲರೂ ಹೇಳ್ತಾರೆ. ಬೇರೆ ಮೂಳೆಗಳಲ್ಲಿ ಬಹಳ ಮಟ್ಟಿಗೆ ಅದು ನಿಜ. ಇಲ್ಲಿ ಸುಳ್ಳು. ತೋಳಿನ ಮೂಳೆ ಬೆಳೆಯುವುದು ಸುಮಾರು ನೂರಕ್ಕೆ ಎಂಬತ್ತು ಪಾಲು ಭುಜದ ತುದಿಯಿಂದ. ಮೊಣಕೈ ತುದಿಯ ಪಾಲು ಇಪ್ಪತ್ತು ಅಷ್ಟೇ. ಬದಿಗೆ ವಾಲಿದ್ದು ತಾನಾಗಿ ನೇರ ಆಗುವುದಿಲ್ಲ. ಕಾಯುತ್ತಾ ಕೂತರೆ ಮಗು ಬೆಳೆಯುತ್ತದೆ, ಡೊಂಕು ಹಾಗೇ ಉಳಿಯುತ್ತದೆ.

ಈಗ ಆ ಮೊದಲ ರಾತ್ರಿಗೆ ಬರ್ತೇನೆ. ಎರಡು ವರ್ಷದ ಹಿಂದೆ, ಏಪ್ರಿಲ್. ಹುಡುಗಿಗೆ ಆರು ವರ್ಷ. ಅಬ್ಬಿ ಗೇರುಬೀಜ ಫ್ಯಾಕ್ಟರಿಯಲ್ಲಿ, ಅಪ್ಪ ಬೋಟಿನಲ್ಲಿ. ಪೇರಳೆ ಮರದಿಂದ ಬಿದ್ದಳು. ಸಂಜೆ ಆಟೋದಲ್ಲಿ ಹತ್ತಿರದ ಒಂದು ಆಸ್ಪತ್ರೆಗೆ ಹೋದರು. ಹೆಸರು ಬೇಡ, ಆ ಹೊತ್ತಿಗೆ ಅಲ್ಲಿದ್ದ ಡಾಕ್ಟರು ಒಳ್ಳೆಯವರೇ. ಎಕ್ಸ್‌ರೇ ತೆಗೆದರು, ಅರ್ಧ ಪ್ಲಾಸ್ಟರ್ ಹಾಕಿದರು, "ಜಾರಿದೆ, ಇಲ್ಲಿ ಆಗೂದಿಲ್ಲ, ಈಗಲೇ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಅಂದರು. ಚೀಟಿ ಕೊಟ್ಟರು. ರಾತ್ರಿ ಎಂಟು ಗಂಟೆ. ಬೈಂದೂರಿನಿಂದ ಕುಂದಾಪುರಕ್ಕೇ ಮೂವತ್ತು ಕಿಲೋಮೀಟರಿಗೆ ಮೇಲೆ, ಅಲ್ಲಿಂದ ಉಡುಪಿ, ಮಣಿಪಾಲಕ್ಕೆ ಮತ್ತೆ ಅಷ್ಟೇ. "ಹೋಪುಕೆ ದುಡ್ಡ್ ಬೇಡ್ದಾ ಅಣ್ಣಾ? ಅವ್ರ್ ಬೋಟಂಗಿತ್ತಿದ್ರ್, ಫೋನ್ ಸಿಕ್ಕುದಿಲ್ಲೆ. ನಾನ್ ಒಬ್ಳೇ ಸಣ್ ಮಗಿನ್ ಯಾರ್ ಕೈಯಂಗ್ ಬಿಟ್ಟ್ ಹೋಪುದ್?" ಅಂತ ಆಮೇಲೆ ಅವಳು ನನಗೆ ಹೇಳಿದಳು. ಮನೆಗೆ ವಾಪಸ್ ಬಂದಳು. ಬೆಳಿಗ್ಗೆ ಪಕ್ಕದ ಮನೆಯವರು ಕಟ್ಟು ಹಾಕುವವರ ವಿಳಾಸ ಕೊಟ್ಟರು. ಅಲ್ಲಿ ಅರ್ಧ ಪ್ಲಾಸ್ಟರ್ ಬಿಚ್ಚಿ, ಎಣ್ಣೆ ಹಾಕಿ ತಿಕ್ಕಿ, ಬಿಗಿಯಾಗಿ ಕಟ್ಟಿದರು. 21 ದಿನ.

ಇದರಲ್ಲಿ ತಪ್ಪು ಯಾರದ್ದು? ಫೇಸ್‌ಬುಕ್ಕಿನಲ್ಲಿ ಇದಕ್ಕೆ ಉತ್ತರ ರೆಡಿ ಇರ್ತದೆ: "ಅಜ್ಞಾನ." ವಿದ್ಯಾವಂತರು, ನಮ್ಮ ಪೈಕಿ ವಿದ್ಯಾವಂತರೂ ಸೇರಿ, ಮೂಢನಂಬಿಕೆ ಅಂತ ಎರಡು ಸಾಲು ಬರೆದು ಹೋಗ್ತಾರೆ. ಆ ತಾಯಿಗೆ ಮೂಢನಂಬಿಕೆ ಇರಲಿಲ್ಲ, ಅವಳು ಮೊದಲು ಹೋದದ್ದೇ ಆಸ್ಪತ್ರೆಗೆ. ಅವಳಿಗೆ ಇರಲಿಲ್ಲದ್ದು ಆಟೋ ಬಾಡಿಗೆ. ಚೀಟಿಯಲ್ಲಿ ಊರಿನ ಹೆಸರು ಬರೆದು ಕೊಟ್ಟರೆ ಚಿಕಿತ್ಸೆ ಕೊಟ್ಟ ಹಾಗೆ ಆಗುವುದಿಲ್ಲ. ಆ ಚೀಟಿಯನ್ನೂ ಮಗುವನ್ನೂ ಒಟ್ಟಿಗೆ ಆಂಬುಲೆನ್ಸಿನಲ್ಲಿ ಕೂರಿಸಿ ಕಳಿಸಬೇಕಿತ್ತು. ಕಟ್ಟು ಹಾಕುವವನಾದರೂ ಎಂತ, ಹತ್ತಿರ ಇದ್ದಾನೆ, ಕೂಲಿ ತಪ್ಪುವುದಿಲ್ಲ, "ಬಾ ತಂಗಿ, ಕೂಕೋ" ಅಂತ ಮಾತಾಡಿಸುತ್ತಾನೆ. ದೊಡ್ಡ ಆಸ್ಪತ್ರೆಯ ಕೌಂಟರಿನಲ್ಲಿ ನಮ್ಮ ಹೆಂಗಸರನ್ನು ಹಾಗೆ ಯಾರು ಮಾತಾಡಿಸುತ್ತಾರೆ?

ಆದರೂ ಒಂದು ಮಾತನ್ನು ಕೈ ಮುಗಿದು ಹೇಳ್ತೇನೆ. ಆ ಹುಡುಗಿಯ ಅದೃಷ್ಟ, ಕೈ ಡೊಂಕಷ್ಟೇ ಆದದ್ದು. ಬಾತುಕೊಂಡ ಮೊಣಕೈಗೆ ಬಿಗಿ ಕಟ್ಟು ಹಾಕಿದರೆ ಒಳಗೆ ರಕ್ತ ಓಡುವುದು ನಿಲ್ಲಬಹುದು. ಕೆಲವೇ ಗಂಟೆಗಳಲ್ಲಿ ಮುಂಗೈಯ ಮಾಂಸಖಂಡ ಸಾಯುತ್ತದೆ, ಬೆರಳುಗಳು ಕಾಗೆಯ ಕಾಲಿನ ಹಾಗೆ ಮುದುಡಿ ಮತ್ತೆ ಬಿಚ್ಚುವುದಿಲ್ಲ. ಜರ್ಮನಿಯ ಫೋಕ್‌ಮನ್ 1881ರಲ್ಲೇ ಬಿಗಿ ಕಟ್ಟಿನಿಂದ ಹೀಗಾಗುವುದನ್ನು ಬರೆದಿಟ್ಟಿದ್ದಾನೆ. ಕಟ್ಟಿದ ಮೇಲೆ ಮಗು ಅಳು ನಿಲ್ಲಿಸದಿದ್ದರೆ, ನೋವು ಕಡಿಮೆಯಾಗುವ ಬದಲು ಏರುತ್ತಾ ಹೋದರೆ, ಬೆರಳನ್ನು ಮೆಲ್ಲಗೆ ಬಿಡಿಸಿದರೂ ಕಿರುಚಿದರೆ, ಬೆರಳು ತಣ್ಣಗಾಗಿದ್ದರೆ, ಬಿಳುಚಿದ್ದರೆ, ಜೋಮು ಹಿಡಿದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಕಟ್ಟು ಬಿಚ್ಚಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ. ಆಸ್ಪತ್ರೆಯ ಪ್ಲಾಸ್ಟರ್ ಒಳಗಿದ್ದರೂ ಇದೇ ಮಾತು. ಸಾಲ ಮಾಡಿಯಾದರೂ ಹೋಗಿ, ಇಲ್ಲದಿದ್ದರೆ ನಮ್ಮಲ್ಲಿ ಯಾರಿಗಾದರೂ ರಾತ್ರಿ ಎರಡಕ್ಕಾದರೂ ಫೋನ್ ಮಾಡಿ. ಬಿದ್ದ ಕೂಡಲೇ ಬಳೆ, ಕೈಗೆ ಕಟ್ಟಿದ ಕರಿನೂಲು ತೆಗೆಯಿರಿ, ಬಾತುಕೊಂಡರೆ ಅದೇ ಉರುಳಾಗ್ತದೆ. ಕೈ ಹೇಗಿದೆಯೋ ಹಾಗೇ ರಟ್ಟು ಇಟ್ಟು ಸಡಿಲವಾಗಿ ಸುತ್ತಿ. ಎಳೆಯಬೇಡಿ, ತಿಕ್ಕಬೇಡಿ. ಆಪರೇಷನ್ ಬೇಕಾಗಬಹುದು, ಹೊಟ್ಟೆಗೆ ಏನೂ ಕೊಡದೆ ಕರೆದುಕೊಂಡು ಹೋಗಿ.

ಇನ್ನು ನನ್ನ ನಿಜವಾದ ಸಿಟ್ಟಿನ ವಿಷಯ.

ಕಟ್ಟು ಬಿಚ್ಚಿ ವರ್ಷ ಕಳೆದ ಮೇಲೆ, ಕೈ ಡೊಂಕಾದದ್ದು ಸರಿ ಮಾಡಿಸಬೇಕು ಅಂತ ಆ ತಾಯಿ ಮಗುವನ್ನು ಕರೆದುಕೊಂಡು ಒಬ್ಬ ಡಾಕ್ಟರ ಹತ್ತಿರ ಹೋದಳು. ನಾನೂ ಜೊತೆಗಿದ್ದೆ. ಅವರು ಮಗುವಿನ ಕೈ ಮಡಚಿಸಿದರು, ಚಾಚಿಸಿದರು. "ಪೂರ್ತಿ ಮಡಚ್ತದೆ. ನೋವಿಲ್ಲ. ಇದು ಬರೀ ಚಂದಕ್ಕೆ ಮಾಡುವ ಆಪರೇಷನ್ ಅಮ್ಮ. ಕೈ ಕೆಲಸಕ್ಕೆ ಬರ್ತದಲ್ಲ, ಮತ್ತೆಂತ?"

ಕೈ ಕೆಲಸಕ್ಕೆ ಬರ್ತದಲ್ಲ. ಈ ಮಾತು ನಾವು ಹೊಸದಾಗಿ ಕೇಳಿದ್ದಲ್ಲ. ನಮ್ಮ ಕೈಯನ್ನು ಈ ಊರು ಯಾವಾಗಲೂ ಅಳೆದದ್ದು ಇದೇ ಸೇರಿನಲ್ಲಿ. ಹೊರೆ ಹೊರುತ್ತದಾ, ನೆಟ್ಟಿ ನೆಡುತ್ತದಾ, ಡೋಲು ಬಡಿಯುತ್ತದಾ, ಚರಂಡಿಗೆ ಇಳಿಯುತ್ತದಾ? ಹೌದಾದರೆ ಸಾಕು. ಆ ಕೈ ನೇರ ಇದೆಯಾ, ಆ ಕೈಗೆ ಬಳೆ ಹಾಕಿಕೊಂಡು ಹುಡುಗಿ ಕನ್ನಡಿ ಮುಂದೆ ನಿಂತು ಖುಷಿ ಪಡ್ತಾಳಾ ಅನ್ನುವ ಪ್ರಶ್ನೆ ನಮ್ಮ ಮಕ್ಕಳಿಗೆ ಅಲ್ಲ ಅಂತ ಲೆಕ್ಕ. ಮಣಿಪಾಲದ ಅಪಾರ್ಟ್‌ಮೆಂಟಿನ ಮಗುವಿಗೆ ಇದೇ ಕೈ ಆಗಿದ್ದರೆ ಇದೇ ಡಾಕ್ಟರು ಇದೇ ಮಾತು ಹೇಳ್ತಿದ್ದರಾ? ಆಣೆ ಹಾಕಿ ಹೇಳಲು ನನ್ನಿಂದಾಗುವುದಿಲ್ಲ. ಆದರೆ ಆ ತಾಯಿಯ ಮುಖ ನಾನು ನೋಡಿದ್ದೇನೆ. ಚಂದ ಕೇಳಲು ಬಂದದ್ದೇ ತಪ್ಪಾಯಿತು ಅನ್ನುವ ಹಾಗೆ ಮಗುವಿನ ಕೈಯನ್ನು ಸೆರಗಿನಲ್ಲಿ ಮುಚ್ಚಿದಳು.

ಚಂದಕ್ಕೆ ಅಂತಲೇ ಇಟ್ಟುಕೊಳ್ಳಿ. ಚಂದ ನಮಗೆ ಬೇಡವಾ? ಬಾಬಾಸಾಹೇಬರು ಸೂಟು ಹಾಕಿ ನಿಂತದ್ದು ಚಳಿಗಾ?

ಆದರೆ ಇದು ಬರೀ ಚಂದದ ವಿಷಯ ಅಲ್ಲ, ವೈದ್ಯಕೀಯವಾಗಿಯೂ ಅಲ್ಲ. ಇದನ್ನು ಚಂದದ ಸಮಸ್ಯೆ ಅಂತ ಬಹಳ ಕಾಲ ಪುಸ್ತಕಗಳಲ್ಲೇ ಬರೆಯುತ್ತಿದ್ದರು, ಡಾಕ್ಟರು ಕಲಿತದ್ದು ಅದೇ ಇರಬಹುದು. ಈಗ ಗೊತ್ತಾಗಿರುವುದು ಬೇರೆ. ಡೊಂಕಾದ ಮೊಣಕೈ ಮೇಲೆ ಮತ್ತೆ ಬಿದ್ದರೆ ಹೊರಬದಿಯ ಮೂಳೆ ಮುರಿಯುವ ಸಂಭವ ಹೆಚ್ಚು. ವರ್ಷಗಳು ಹೋದ ಹಾಗೆ ಹೊರಬದಿಯ ಕಟ್ಟುನರ ಎಳೆದು ಎಳೆದು ಸಡಿಲ ಆಗಿ ಕೀಲು ಜಾರಲು ಶುರುವಾಗಬಹುದು. ಒಳಬದಿಯಲ್ಲಿ ಕಿರುಬೆರಳಿಗೆ ಹೋಗುವ ನರ ಇದೆ, ಮೊಣಕೈ ಗೋಡೆಗೆ ತಾಗಿದಾಗ ಜುಂ ಅನ್ನುವುದು ಅದೇ. ಆ ನರ ಹತ್ತಾರು ವರ್ಷದ ನಂತರ ಸೊರಗಬಹುದು.

ಸೊರಗಬಹುದು ಅಂತ ಯಾಕೆ ಬರೆದೆ, ನನಗೆ ಆಗಿದೆ. ಎರಡು ವರ್ಷದಿಂದ ಎಡಗೈ ಕಿರುಬೆರಳು, ಪಕ್ಕದ ಅರ್ಧ ಬೆರಳು ಬೆಳಿಗ್ಗೆ ಎದ್ದಾಗ ನನ್ನದಲ್ಲ ಅನಿಸುತ್ತದೆ. ಫೋನ್ ಕಿವಿಗೆ ಹಿಡಿದು ಐದು ನಿಮಿಷ ಮಾತಾಡಿದರೆ ಜೋಮು. ಅಂಗಿಯ ಗುಂಡಿ ಹಾಕಲು ತಡವರಿಸುತ್ತೇನೆ. ಬಿದ್ದ ದಿನದಿಂದ 35 ವರ್ಷ ದಾಟಿದ ಮೇಲೆ ಬಿಲ್ಲು ಬಂತು ನೋಡಿ. ಹುಡುಗಿಗೆ ಆಪರೇಷನ್ ಮಾಡಿದ ಡಾಕ್ಟರೇ ನನ್ನ ಕೈ ನೋಡಿ, "ನಿಮಗೆ ಮೂಳೆಗಿಂತ ಮೊದಲು ನರದ್ದು ನೋಡ್ಬೇಕು" ಅಂದರು. ನೋಡಿಸಬೇಕು. (ಮನೆಯವರು ಇದನ್ನು ಓದಿ ಗಲಾಟೆ ಮಾಡಬಾರದು, ಮಳೆಗಾಲ ಮುಗಿಯಲಿ.)

ಸೇನೆ, ಅರೆಸೇನೆಯ ಭರ್ತಿಯಲ್ಲಿ ಮೊಣಕೈಯ ಕೋನ ನೋಡಿ ಹುಡುಗರನ್ನು ವಾಪಸ್ ಕಳಿಸುತ್ತಾರೆ. ನಮ್ಮ ಹುಡುಗರಿಗೆ ಭೂಮಿ ಇಲ್ಲ, ಅಂಗಡಿ ಇಲ್ಲ, ಓಡಿ ಹಾರಿ ಸೇರಬಹುದಾದ ಕೆಲಸ ಅಂದರೆ ಅದೇ. ಅಲ್ಲಿ ಊನ ಇದೆ ಅಂತ ಹೊರಗೆ. 2016ರ ವಿಕಲಚೇತನರ ಕಾಯ್ದೆಯಲ್ಲಿ ಸೌಲಭ್ಯ ಬೇಕಾದರೆ ಕನಿಷ್ಠ ಶೇ. 40 ಊನ ಇರಬೇಕು. ಪೂರ್ತಿ ಮಡಚಿ ಚಾಚುವ ಡೊಂಕು ಕೈ ಅದರ ಹತ್ತಿರವೂ ಹೋಗುವುದಿಲ್ಲ, ಅಲ್ಲಿ ಊನ ಇಲ್ಲ ಅಂತ ಹೊರಗೆ. ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡ ಗೊತ್ತಲ್ಲ, 2013ರಲ್ಲಿ ಶುರುವಾದದ್ದು, ಹುಟ್ಟಿನಿಂದ 18ರವರೆಗಿನ ಮಕ್ಕಳನ್ನು ತಪಾಸಣೆ ಮಾಡುವುದು. ಒಳ್ಳೆಯ ಯೋಜನೆ, ಎಷ್ಟೋ ಮಕ್ಕಳ ಹೃದಯ, ಸೀಳುತುಟಿ, ತಿರುಚಿದ ಪಾದ ಇದರಿಂದ ಸರಿಯಾಗಿದೆ. ಆದರೆ ಅವರ ಪಟ್ಟಿ ಹುಟ್ಟು ದೋಷ, ಪೌಷ್ಟಿಕಾಂಶದ ಕೊರತೆ, ಬಾಲ್ಯದ ಕಾಯಿಲೆ, ಬೆಳವಣಿಗೆಯ ಕುಂಠಿತ ಅಂತ ನಾಲ್ಕು ಬಗೆ. ಬಿದ್ದು ಮುರಿದು ವಕ್ರವಾಗಿ ಕೂಡಿದ ಕೈ ನಾಲ್ಕರಲ್ಲೂ ಬರುವುದಿಲ್ಲ. ಹುಡುಗಿಯ ಶಾಲೆಗೆ ತಂಡ ಬಂದು ಹೋಗಿತ್ತು, ಹಲ್ಲು ನೋಡಿ ಬರೆದುಕೊಂಡು ಹೋದರು.

ಆಪರೇಷನ್ ಹೇಗೆ ಮಾಡ್ತಾರೆ ಅಂತ ಕೆಲವರು ಇನ್‌ಬಾಕ್ಸಿನಲ್ಲಿ ಕೇಳಿದ್ದಿರಿ. ಮುರಿದು ಕನಿಷ್ಠ ಒಂದು ವರ್ಷ ಆಗಲಿ, ಕೀಲು ಚೆನ್ನಾಗಿ ಆಡುವಂತಾಗಲಿ ಅಂತ ಹೆಚ್ಚಿನ ಡಾಕ್ಟರುಗಳು ಕಾಯುತ್ತಾರೆ. ಆಮೇಲೆ ಎರಡೂ ಕೈಯ ಎಕ್ಸ್‌ರೇ ತೆಗೆದು ಹೋಲಿಸುತ್ತಾರೆ. ನೇರ ಇರುವ ಕೈಯೇ ಅಳತೆಗೋಲು. ಎಷ್ಟು ಡಿಗ್ರಿ ವಾಲಿದೆ ಲೆಕ್ಕ ಹಾಕಿ, ಮೊಣಕೈಯ ಸ್ವಲ್ಪ ಮೇಲೆ ಹೊರಬದಿಯಿಂದ ಕಲ್ಲಂಗಡಿ ಹೋಳಿನ ಹಾಗೆ ಮೂರು ಮೂಲೆಯ ತುಂಡು ಮೂಳೆ ತೆಗೆದು, ಬಿಟ್ಟ ಜಾಗ ಮುಚ್ಚುವ ಹಾಗೆ ಕೈಯನ್ನು ಹೊರಕ್ಕೆ ತಂದು ಕಂಬಿಯೋ ಪ್ಲೇಟೋ ಹಾಕಿ ಹಿಡಿಸುತ್ತಾರೆ. ಇಂಗ್ಲೆಂಡಿನ ಫ್ರೆಂಚ್ ಅನ್ನುವ ಡಾಕ್ಟರು ಇದರ ಒಂದು ವಿಧಾನ ಬರೆದದ್ದೂ 1959ರಲ್ಲೇ. ಕಮಾನಿನ ಹಾಗೆ, ಮೆಟ್ಟಿಲಿನ ಹಾಗೆ ಕತ್ತರಿಸುವ ಬೇರೆ ವಿಧಾನಗಳೂ ಇವೆ. ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ಹೊರಬದಿಯಲ್ಲಿ ಗಂಟು ಉಬ್ಬಬಹುದು, ಕಲೆ ಉಳಿಯುತ್ತದೆ, ನರಕ್ಕೆ ಪೆಟ್ಟಾಗಬಹುದು, ಸರಿಯಾಗಿ ಹಿಡಿಸದಿದ್ದರೆ ಮತ್ತೆ ವಾಲಬಹುದು. ಸ್ವಲ್ಪವೇ ವಾಲಿದ್ದರೆ ಬೇಡ ಅನ್ನುವ ತೀರ್ಮಾನವೂ ಸರಿಯೇ. ಆ ತೀರ್ಮಾನ ಮನೆಯವರಿಗೆ ಎಲ್ಲ ವಿವರಿಸಿ, ಮಗುವನ್ನೂ ಒಂದು ಮಾತು ಕೇಳಿ ಆಗಬೇಕು. "ಕೆಲಸಕ್ಕೆ ಬರ್ತದಲ್ಲ" ಅಂತ ಅಲ್ಲ.

ಮೂಳೆ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಆರ್ಥೋಪೀಡಿಕ್ ಅಂತಾರಲ್ಲ, ಆ ಪದ ಹುಟ್ಟಿದ್ದು 1741ರಲ್ಲಿ, ಫ್ರಾನ್ಸಿನ ಆಂದ್ರಿ ಅನ್ನುವವನ ಪುಸ್ತಕದ ಹೆಸರಿನಿಂದ. ಗ್ರೀಕಿನಲ್ಲಿ ಆರ್ಥೋ ಅಂದರೆ ನೇರ, ಪೀಡ್ ಅಂದರೆ ಮಗು. ಇಡೀ ಶಾಸ್ತ್ರದ ಹೆಸರೇ ಮಗುವನ್ನು ನೇರ ಮಾಡುವುದು ಅಂತ. ಇದನ್ನು ಆ "ಚಂದಕ್ಕೆ" ಡಾಕ್ಟರಿಗೆ ಹೇಳಬೇಕು ಅಂತ ಇತ್ತು, ಆಗ ನನಗೆ ಗೊತ್ತಿರಲಿಲ್ಲ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಇವಳಿಗೆ ಕಾರ್ಡಿನಲ್ಲೇ ಆಯಿತು, ಆಪರೇಷನ್ನಿಗೆ ಕೈಯಿಂದ ಹಾಕಲಿಲ್ಲ. ಅದನ್ನು ಮರೆಮಾಚಿ ಸರ್ಕಾರಕ್ಕೆ ಬೈಯುವುದು ನನಗೆ ಬರುವುದಿಲ್ಲ. ಆದರೆ ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಆ ಒಂದು ಕಾಗದಕ್ಕೆ ಮೂರು ಸಲ ಓಡಾಟ. ಒಂದು ದಿನ ಡಾಕ್ಟರು ರಜೆ, ಒಂದು ದಿನ ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರಿನ ಅಕ್ಷರ ತಪ್ಪು. ಗೇರುಬೀಜ ಫ್ಯಾಕ್ಟರಿಯಲ್ಲಿ ಕೆ.ಜಿ. ಲೆಕ್ಕದ ಕೂಲಿ, ಹೋಗದ ದಿನ ಸೊನ್ನೆ. ಆಸ್ಪತ್ರೆಯಲ್ಲಿ ಜೊತೆಗೆ ನಿಂತ ದಿನಗಳು, ಡ್ರೆಸ್ಸಿಂಗಿಗೆ ಹೋದ ದಿನಗಳು, ಇನ್ನು ವ್ಯಾಯಾಮ ಕಲಿಸಲು ಹೋಗಬೇಕಾದ ದಿನಗಳು ಎಲ್ಲ ಸೇರಿ ಅವಳಿಗೆ ಆದ ಖರ್ಚು ಯಾವ ಕಾರ್ಡಿನಲ್ಲೂ ಬರುವುದಿಲ್ಲ.

ಈಗ ನಮ್ಮ ಬುಡಕ್ಕೇ ಬರ್ತೇನೆ. 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ಅದರ 7ಡಿ ಕಲಂ ತೆಗೆಯಿರಿ ಅಂತ ನಾವು ವರ್ಷಗಟ್ಟಲೆ ಬೀದಿಯಲ್ಲಿ ಕೂಗಿದೆವು, 2023ರಲ್ಲಿ ತೆಗೆದರು. ಆ ಹಣದಲ್ಲಿ ನಮ್ಮ ಊರಿಗೆ ಎಂತ ಬೇಕು ಅಂತ ಕೇಳಿದಾಗ ನಾವು ಕೊಟ್ಟ ಪಟ್ಟಿ ನನ್ನ ಫೈಲಿನಲ್ಲೇ ಇದೆ: ಕಾಂಕ್ರೀಟ್ ರಸ್ತೆ, ಸಮುದಾಯ ಭವನ, ಅಂಬೇಡ್ಕರ್ ಭವನದ ಕಾಂಪೌಂಡು. ಮೂರು ಪುಟದಲ್ಲಿ ಆಸ್ಪತ್ರೆ ಅನ್ನುವ ಶಬ್ದ ಒಂದು ಸಲವೂ ಇಲ್ಲ. ಬರೆದವನು ನಾನೇ, ಈ ಡೊಂಕು ಕೈ ಇಟ್ಟುಕೊಂಡೇ ಬರೆದದ್ದು. ಕೊರಗರ ಹಾಡಿಗಳಲ್ಲಿ ಆರೋಗ್ಯದ ವಿಷಯ ಎತ್ತಿದವರು ಅವರದೇ ಸಂಘಟನೆಯವರು, ನಾವು ಅಜಲು ನಿಷೇಧದ 2000ದ ಕಾಯ್ದೆಯ ಬಗ್ಗೆ ಭಾಷಣ ಮಾಡಿ ಬಂದೆವು. ಭಾಷಣ ಬೇಡ ಅಂತ ಅಲ್ಲ. ಆದರೆ ಮಗುವಿನ ಕೈ ಮುರಿದ ರಾತ್ರಿ ಆ ತಾಯಿಗೆ ನಮ್ಮಲ್ಲಿ ಯಾರ ನಂಬರೂ ಗೊತ್ತಿರಲಿಲ್ಲ. ಅಂಬೇಡ್ಕರ್ ಜಯಂತಿಯ ಬ್ಯಾನರಿನಲ್ಲಿ ಎಲ್ಲರ ನಂಬರ್ ಇತ್ತು, ಅದು ಬಸ್‌ಸ್ಟ್ಯಾಂಡಿನಲ್ಲಿತ್ತು.

ಬರುವ ವಾರ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕಿನಲ್ಲಿ ಮನವಿ ಕೊಡ್ತಿದ್ದೇವೆ, ಜೊತೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿಯೂ. ಬೈಂದೂರು, ಬ್ರಹ್ಮಾವರ ತಾಲೂಕಾಗಿ ಇಷ್ಟು ವರ್ಷ ಆಯಿತು, ತಾಲೂಕು ಕಚೇರಿಗೆ ಬೋರ್ಡು ಬಂತು. ಮೂರು ತಾಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿ-ಆರ್ಮ್ ಎಲ್ಲೆಲ್ಲಿ ಇದೆ, ಇದ್ದರೆ ಸಂಜೆ ಆರರ ನಂತರ ಅದನ್ನು ನಡೆಸುವವರು ಯಾರು? ಮೂಳೆ ತಜ್ಞರ, ಅರಿವಳಿಕೆ ತಜ್ಞರ ಹುದ್ದೆ ಎಷ್ಟು ತುಂಬಿದೆ? ಮೂಳೆ ಮುರಿದ ಮಗುವನ್ನು ಮುಂದಕ್ಕೆ ಕಳಿಸುವಾಗ ಆಂಬುಲೆನ್ಸ್ ಕರೆಸಿಯೇ ಕಳಿಸಬೇಕು ಅಂತ ಸುತ್ತೋಲೆ ಹೊರಡಿಸಲು ಎಂತ ಖರ್ಚು? ಶಾಲಾ ತಪಾಸಣೆಯವರು ಮಕ್ಕಳಿಗೆ ಎರಡೂ ಕೈ ಮುಂದೆ ಚಾಚಲು ಹೇಳಲಿ, ಹತ್ತು ಸೆಕೆಂಡ್ ಸಾಕು. ಆಸ್ಪತ್ರೆಗೆ ಬಂದ ಕೂಲಿ ತಾಯಿಗೆ ದಿನಭತ್ಯೆಯನ್ನು ಉಪಯೋಜನೆ ಹಣದಿಂದ ಕೊಡಲು ಸಾಧ್ಯವಾ ಅಂತಲೂ ಕೇಳಿದ್ದೇವೆ. ಕಟ್ಟು ಹಾಕುವವರ ಮೇಲೆ ಕೇಸು ಹಾಕಿ ಅಂತ ಕೆಲವರು ಹೇಳಿದರು, ನಾನು ಅದನ್ನು ಮನವಿಯಿಂದ ತೆಗೆಸಿದೆ. ಅವರನ್ನು ಕರೆದು ಕೂರಿಸಿ, ಬಾತುಕೊಂಡ ಮೊಣಕೈಗೆ ಕೈ ಹಾಕಬೇಡಿ, ಬಂದವರನ್ನು ಆ ಕೂಡಲೇ ಆಸ್ಪತ್ರೆಗೆ ಕಳಿಸಿ ಅಂತ ಹೇಳಿಸಿದರೆ ಹೆಚ್ಚು ಮಕ್ಕಳ ಕೈ ಉಳಿಯುತ್ತದೆ. ನಮ್ಮವರು ನಾಳೆಯೂ ಮೊದಲು ಹೋಗುವುದು ಅವರ ಹತ್ತಿರವೇ.

ನಿಮ್ಮ ಕಾಲೋನಿಯಲ್ಲಿ ಕೈ ಡೊಂಕಾದ ಮಗು ಇದ್ದರೆ ವಯಸ್ಸು, ಬಿದ್ದು ಎಷ್ಟು ಸಮಯ ಆಯಿತು, ಊರು ಇಷ್ಟನ್ನು ನನಗೆ ಖಾಸಗಿಯಾಗಿ ಕಳಿಸಿ. ರೆಫರಲ್ ಕಾಗದಕ್ಕೆ ಜೊತೆಗೆ ಬರಲು ಈಗ ಆರು ಜನ ಇದ್ದೇವೆ. ಮಗುವಿನ ಫೋಟೋ ಇಲ್ಲಿ ಕಮೆಂಟಿನಲ್ಲಿ ಹಾಕಬೇಡಿ. ಸಾಲಿನಲ್ಲಿ ಕೈ ಚಾಚಲೇ ಹೆದರುವ ಮಕ್ಕಳು ಅವು.